ಕಾಲ್ಡಾ ನದಿ ತಗ್ಗಿದ ದಿನ

ಹಾಲ್ಬೆರಾ ಮತ್ತು ಗ್ರಿಮುರ್ ಹದಿನೇಳು ವರ್ಷ ಮಾತು ಬಿಟ್ಟಿದ್ದರು. ನಮ್ಮ ಹೋಲ್ಟ್ ಊರಿನಲ್ಲಿರುವುದು ಒಂದು ಅಂಗಡಿ, ಒಂದು ಚರ್ಚು, ಒಂದು ಬಿಸಿನೀರಿನ ಕೊಳ. ಇಂಥ ಕಡೆ ಇಬ್ಬರು ಒಬ್ಬರ ಮುಖ ಒಬ್ಬರು ನೋಡದೆ ಬದುಕುವುದು ಸಣ್ಣ ಕೆಲಸವಲ್ಲ. ಕೊಳದಲ್ಲಿ ಗ್ರಿಮುರ್ ಕೂತಿದ್ದಾನೆಂದು ಕಂಡರೆ ಹಾಲ್ಬೆರಾ ಬಿಚ್ಚಿದ ಬಟ್ಟೆಯನ್ನು ಮತ್ತೆ ತೊಟ್ಟು ಮನೆಗೆ ಹೋಗುತ್ತಿದ್ದಳು. ಅಂಗಡಿಯಲ್ಲಿ ಅವಳ ದನಿ ಕೇಳಿದರೆ ಗ್ರಿಮುರ್ ಹೊರಗೆ ಜೀಪಿನಲ್ಲೇ ಕೂತು, ಅವಳು ಹೋಗುವವರೆಗೆ ಕಾಯುತ್ತಿದ್ದ. ಊರಿನವರು ಇದಕ್ಕೆ ಹೊಂದಿಕೊಂಡಿದ್ದರು. ಮದುವೆಯ ಊಟಕ್ಕೆ ಕರೆಯುವಾಗ ಇಬ್ಬರ ಕುರ್ಚಿಯನ್ನೂ ಎರಡು ತುದಿಯಲ್ಲಿ ಹಾಕಿಸುವುದು ಅಭ್ಯಾಸವೇ ಆಗಿಹೋಗಿತ್ತು.

ನಾನು ಡಾಗ್ನಿ, ಈ ಭಾಗದ ನರ್ಸು. ಇಬ್ಬರ ಮನೆಗೂ ಹೋಗುತ್ತಿದ್ದವಳು. ಕಷ್ಟದ ಕರೆ ಬಂದಾಗ ರಕ್ಷಣಾ ದಳದವರ ಜೊತೆಗೂ ಹೊರಡುತ್ತೇನೆ. ಹಾಗಾಗಿ ಈ ಕಥೆಯ ಮುಖ್ಯವಾದ ದಿನ ನಾನು ಹಾಲ್ಬೆರಾಳ ಪಕ್ಕದ ಸೀಟಿನಲ್ಲೇ ಇದ್ದೆ.

ಅವರ ನಡುವೆ ಬಂದದ್ದು ಕಾಲ್ಡಾ ನದಿ. ಹಿಮನದಿಯ ಬುಡದಿಂದ ಹೊರಟು ಕಲ್ಲುಬಯಲಿನ ಮೇಲೆ ತನಗೆ ತೋಚಿದ ಕಡೆ ಹರಿಯುವ ನೀರು ಅದು. ಹೋದ ವರ್ಷ ದಾಟಿದ ಜಾಗ ಈ ವರ್ಷ ಇರುವುದಿಲ್ಲ, ಅದಕ್ಕೇ ಅದಕ್ಕೆ ಸೇತುವೆಯೂ ಇಲ್ಲ. ಆಚೆಗಿರುವುದು ಹ್ವಾಮ್ ಕಣಿವೆ. ಬೇಸಿಗೆಯಲ್ಲಿ ಕುರಿ ಮೇಯುತ್ತವೆ, ನಡೆಯುವವರು ಬರುತ್ತಾರೆ, ಒಂದು ತಂಗುಮನೆ ಇದೆ. ಗ್ರಿಮುರ್ ಮೂವತ್ತು ವರ್ಷ ಎತ್ತರದ ಚಕ್ರದ ಬಸ್ಸಿನಲ್ಲಿ ಜನರನ್ನು ಆ ನದಿ ದಾಟಿಸಿದವನು. ದಳದ ಜೀಪೂ ಅವನದೇ ಕೈಯಲ್ಲಿತ್ತು. ಗ್ರಿಮುರ್ ದಾಟಿಸುತ್ತಾನೆ ಅಂದರೆ ಜನ ಕಣ್ಣು ಮುಚ್ಚಿ ಹತ್ತುತ್ತಿದ್ದರು.

ಹದಿನೇಳು ವರ್ಷದ ಹಿಂದಿನ ಒಂದು ನವೆಂಬರಿನಲ್ಲಿ ಹಾಲ್ಬೆರಾ ಮತ್ತು ಅವಳ ಗಂಡ ಬ್ರಾಗಿ, ಮಂದೆಯಿಂದ ತಪ್ಪಿ ಕಣಿವೆಯಲ್ಲೇ ಉಳಿದಿದ್ದ ಏಳೆಂಟು ಕುರಿ ಹುಡುಕಿಕೊಂಡು ಆಚೆ ಹೋಗಿದ್ದರು. ಅಲ್ಲಿ ಬ್ರಾಗಿಗೆ ಎದೆನೋವು ಬಂತು. ಹಾಲ್ಬೆರಾ ಅವನನ್ನು ತಮ್ಮ ಹಳೆಯ ಜೀಪಿನಲ್ಲಿ ಮಲಗಿಸಿ ನದಿಯ ದಡಕ್ಕೆ ತಂದಳು. ನದಿಗೆ ಗಾಡಿ ಇಳಿಸುವುದು ಅವಳಿಗೆ ಆಗ ಬರುತ್ತಿರಲಿಲ್ಲ. ಈಚೆ ದಡಕ್ಕೆ ದಳದ ಜೀಪು ತೆಗೆದುಕೊಂಡು, ವೈದ್ಯರನ್ನು ಕೂರಿಸಿಕೊಂಡು ಗ್ರಿಮುರ್ ಬಂದ. ಅವತ್ತು ನದಿಯಲ್ಲಿ ಮೊಣಕಾಲುದ್ದ ನೀರು. ಗ್ರಿಮುರ್ ಇಳಿದು ನೋಡಿದ, ದಡದುದ್ದಕ್ಕೂ ಮೇಲಕ್ಕೆ ನಡೆದು ಹೋಗಿ ಬಂದ, ಆಮೇಲೆ ಎರಡೂ ಕೈಯನ್ನು ತಲೆಯ ಮೇಲೆ ಅಡ್ಡ ಹಿಡಿದು ತೋರಿಸಿದ. ದಾಟುವುದಿಲ್ಲ ಅಂತ. ಮೇಲೆಲ್ಲೋ ಹಿಮ ನೀರಿಗೆ ಅಡ್ಡ ಕಟ್ಟಿಕೊಂಡಿದೆ, ನೀರು ಒಮ್ಮೆಲೇ ಬರುತ್ತದೆ ಎಂದು ರೇಡಿಯೋದಲ್ಲಿ ಹೇಳಿದ. ನಾಲ್ಕು ಗಂಟೆ ಕಾದ. ನೀರು ಬರಲಿಲ್ಲ. ಕೊನೆಗೆ, ಕಟ್ಟಿದ್ದು ಮೆಲ್ಲಗೆ ಕರಗಿ ಗಂಜಿಯಂಥ ಹಿಮ ಚೂರುಚೂರಾಗಿ ತೇಲಿಬರತೊಡಗಿದ ಮೇಲೆ ಅವನು ದಾಟಿದ. ಬ್ರಾಗಿ ಹೋಗಿ ಅಷ್ಟು ಹೊತ್ತಿಗೆ ಒಂದು ಗಂಟೆಯಾಗಿತ್ತು.

ಆ ಮೇಲೆ ಗ್ರಿಮುರ್ ನದಿಗೆ ಗಾಡಿ ಇಳಿಸಲಿಲ್ಲ. ಮುಂದಿನ ವಸಂತದಲ್ಲಿ ಬಸ್ಸಿನ ಕೆಲಸ ಖಾಲಿ ಇದೆ ಎಂದಾಗ ಕೇಳಿಕೊಂಡು ಹೋದವಳು ಹಾಲ್ಬೆರಾ. ನಲವತ್ತೊಂದು ವರ್ಷ ಅವಳಿಗೆ ಆಗ. ಯಾಕೆ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಗಂಡನನ್ನು ಕಾಯಿಸಿದ ನೀರನ್ನು ಅವಳು ಬೇಸಿಗೆಯಿಡೀ ದಿನಕ್ಕೆರಡು ಸಲ ದಾಟಿದಳು. ಕೆಲವು ವರ್ಷಗಳಲ್ಲಿ ಅವಳಷ್ಟು ಆ ನದಿಯನ್ನು ಬಲ್ಲವರು ಇನ್ನೊಬ್ಬರಿರಲಿಲ್ಲ. ದಳಕ್ಕೆ ಹೊಸದಾಗಿ ಸೇರಿದವರಿಗೆ ಗಾಡಿ ಬಿಡುವುದು ಕಲಿಸುತ್ತಿದ್ದವಳೂ ಅವಳೇ.

"ನಡೆದು ದಾಟೋಕೆ ಆಗದ ನೀರಿಗೆ ಗಾಡಿ ಇಳಿಸ್ಬೇಡಿ" ಎನ್ನುತ್ತಿದ್ದಳು. "ಗೇರನ್ನ ದಡದಲ್ಲೇ ಹಾಕ್ಕೊಳ್ಳಿ. ನೀರಿನ ಮಧ್ಯ ಕ್ಲಚ್ ಮುಟ್ಟಿದೋರಿಗೆ ನನ್ನ ಕೈಲಿ ಏಟು. ನೀರು ನುಣ್ಣಗೆ ಕಾಣ್ತಿದ್ರೆ ಅಲ್ಲಿ ಆಳ ಅಂತ. ಅಗಲವಾಗಿ, ಸುಕ್ಕುಸುಕ್ಕಾಗಿ ಹರಿಯೋ ಕಡೆ ಹುಡುಕಿ. ಹರಿವಿನ ಜೊತೆ ಓರೆಯಾಗಿ ಇಳೀರಿ, ಎದುರಿಗೆ ಹೋಗ್ಬೇಡಿ. ಗಾಡಿ ಮೂತಿ ಮುಂದೆ ಒಂದು ಅಲೆ ಏಳತ್ತೆ, ಅದನ್ನ ತಳ್ಕೊಂಡು ಒಂದೇ ಸಮ ಹೋಗ್ತಾ ಇರಿ. ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ. ಚಳಿ ಅಂತ ಮೂಗು ಮುರಿಯೋರು ಈಜ್ಕೊಂಡು ಬರಬಹುದು. ದಾಟಿದ ಮೇಲೆ ಬ್ರೇಕ್ ಒತ್ತೊತ್ತಿ ಒಣಗಿಸಿ. ಹ್ಯಾಂಡ್‌ಬ್ರೇಕ್ ಮಾತ್ರ ಎಳೀಬೇಡಿ, ಒದ್ದೆಯಲ್ಲೇ ಹೆಪ್ಪುಗಟ್ಟತ್ತೆ. ಆಮೇಲೆ ವಸಂತ ಬರೋವರೆಗೂ ಅಲ್ಲೇ ಕೂತಿರಿ, ಊಟ ನಾನಂತೂ ತರಲ್ಲ."

ಇದೆಲ್ಲ ಗ್ರಿಮುರ್ ಹೇಳುತ್ತಿದ್ದ ಮಾತುಗಳೇ ಎಂದು ಹಳಬರಿಗೆ ಗೊತ್ತಿತ್ತು. ಅದನ್ನು ಅವಳೆದುರು ಆಡಿದವರಿಲ್ಲ.

ಹೋದ ನವೆಂಬರಿನ ಮೂರನೇ ವಾರ, ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಕರೆ ಬಂತು. ತಂಗುಮನೆಯ ಸೂರು ರಿಪೇರಿಗೆಂದು ರಾಜಧಾನಿ ರೇಕ್ಯಾವಿಕ್‌ನಿಂದ ಬಂದಿದ್ದ ಬಡಗಿ ಸ್ಟುರ್ಲಾ ರೇಡಿಯೋದಲ್ಲಿ ಮಾತಾಡಿದ. ಅವನೂ ಅವನ ಹೆಂಡತಿ ಎಯ್ದಿಸ್‌ಳೂ ಹತ್ತು ದಿನದಿಂದ ಅಲ್ಲಿದ್ದರು. ಗಾಳಿಗೆ ತಗಡು ಬಡಿದುಕೊಳ್ಳುತ್ತಿದೆ ಎಂದು ಎಯ್ದಿಸ್ ಏಣಿ ಹತ್ತಿದ್ದಾಳೆ, ಮಂಜುಗಡ್ಡೆಯ ಮೇಲೆ ಕಾಲು ಜಾರಿ ಬಿದ್ದಿದ್ದಾಳೆ. ತೊಡೆಯ ಮೂಳೆ ಮುರಿದಿದೆ. ಹೆಲಿಕಾಪ್ಟರ್ ಹೊರಟು, ಕಣಿವೆಯ ಬಾಯಲ್ಲಿ ಹಾರುವ ಹಿಮದಲ್ಲಿ ಏನೂ ಕಾಣದೆ ಹಿಂತಿರುಗಿತ್ತು. ಉಳಿದಿದ್ದು ನಾವು.

ಹಾಲ್ಬೆರಾ ಜೀಪು ತೆಗೆದಳು. ಇನ್ನು ಮೂವರು ಎರಡನೇ ಜೀಪಿನಲ್ಲಿ ಹಿಂದೆ ಬಂದರು. ರಸ್ತೆ ಮುಗಿದು ಹಿಮ ಶುರುವಾದ ಕಡೆ ನಿಲ್ಲಿಸಿ ಟೈರಿನ ಗಾಳಿ ಇಳಿಸಿದೆವು. ಮೆತ್ತಗಾದ ಚಕ್ರ ಹಿಮದ ಮೇಲೆ ಹಾಸಿಕೊಂಡು ಹೋಗುತ್ತದೆ, ಹೂತುಕೊಳ್ಳುವುದಿಲ್ಲ. ಹಾಲ್ಬೆರಾ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಇನ್ನೊಂದರಲ್ಲಿ ಒಣಮೀನು ಮುರಿದು ಬೆಣ್ಣೆಗೆ ಅದ್ದಿ ತಿನ್ನುತ್ತಿದ್ದಳು.

"ತಿನ್ನು" ಎಂದು ನನ್ನ ಕಡೆ ಚಾಚಿದಳು. "ಖಾಲಿ ಹೊಟ್ಟೇಲಿ ನೀನು ಯಾರಿಗೂ ಪ್ರಯೋಜನಕ್ಕೆ ಬರಲ್ಲ. ಹೋದ ಸಲ ಸೂಜಿ ಚುಚ್ಚೋವಾಗ ನಿನ್ನ ಕೈ ನಡುಗ್ತಿತ್ತು."

"ಅದು ನಿನ್ನ ಡ್ರೈವಿಂಗಿಗೆ."

"ನನ್ನ ಡ್ರೈವಿಂಗಿಗೆ ಕುರಿಮರಿಗಳೇ ನಿದ್ದೆ ಮಾಡ್ತಾವೆ ಕಣೇ."

ಹತ್ತೂಕಾಲಿಗೆ ನದಿ ತಲುಪಿದೆವು. ಬೆಳಕು ಆಗಷ್ಟೇ ಬಲಿಯುತ್ತಿತ್ತು. ಕಾಲ್ಡಾ ತಗ್ಗಿತ್ತು. ಕಲ್ಲುಗಳ ನಡುವೆ ತೆಳ್ಳಗೆ, ಮೊಣಕಾಲಿಗೆ ಬರುವಷ್ಟು ನೀರು. ನನಗೆ ಜೀವ ಬಂದಂತಾಯಿತು. ನಡೆದು ನೋಡುವವಳು ನಾನೇ ಆದ್ದರಿಂದ ಹಿಂದಿನ ಸೀಟಿನಿಂದ ನೀರಿಳಿಯದ ಸೂಟನ್ನು ಎಳೆದು ಕಾಲು ತೂರಿಸತೊಡಗಿದೆ.

ಹಾಲ್ಬೆರಾ ಇಳಿದು ದಡದ ತುದಿಯಲ್ಲಿ ನಿಂತಳು. ಬಗ್ಗಿ ಒಂದು ಕಲ್ಲು ಮುಟ್ಟಿ ನೋಡಿದಳು. ಆಮೇಲೆ ದಡದುದ್ದಕ್ಕೂ ಮೇಲಕ್ಕೆ ನೂರು ಹೆಜ್ಜೆ ನಡೆದು, ಟೋಪಿ ತೆಗೆದು ಕಿವಿಗೊಟ್ಟು ನಿಂತಳು. ವಾಪಸ್ಸು ಬಂದಾಗ ಅವಳ ಮುಖ ಬೇರೆಯಾಗಿತ್ತು.

"ಅದನ್ನ ಬಿಚ್ಚು" ಎಂದಳು.

"ಯಾಕೆ? ಮೊಣಕಾಲುದ್ದ ನೀರು."

"ಅದಕ್ಕೇ." ದಡದ ಕಲ್ಲುಗಳತ್ತ ತೋರಿಸಿದಳು. ನೀರಿಗಿಂತ ಒಂದು ಗೇಣು ಮೇಲಿನವರೆಗೂ ಅವಕ್ಕೆ ಹೊಸ ಮಂಜುಗಡ್ಡೆಯ ಹೊಳಪು ಹತ್ತಿತ್ತು. "ಬೆಳಗಿನ ಜಾವದವರೆಗೂ ನೀರು ಅಲ್ಲಿತ್ತು. ಮೂರು ದಿನದಿಂದ ಹಿಮ ಹಾರಿ ಹಾರಿ ನದಿಗೆ ಬಿದ್ದಿದೆ. ಅದೆಲ್ಲ ಎಲ್ಲಿ ಹೋಯ್ತು? ಒಂದು ಚೂರೂ ತೇಲಿ ಬರ್ತಾ ಇಲ್ಲ. ಮೇಲೆ ಕೊರಕಲಲ್ಲಿ ಕಟ್ಕೊಂಡಿದೆ. ನೀರು ಅದರ ಹಿಂದೆ ತುಂಬ್ತಾ ಇದೆ."

"ಯಾವಾಗ ಬರತ್ತೆ?"

"ಈಗ್ಲೇ ಬರಬಹುದು. ಸಂಜೆಗೆ ಬರಬಹುದು. ಬರದೇನೂ..." ಎಂದವಳು ಅಲ್ಲಿಗೆ ನಿಲ್ಲಿಸಿದಳು.

ಅವಳು ಯಾರ ಜಾಗದಲ್ಲಿ ನಿಂತಿದ್ದಾಳೆಂದು ನನಗೆ ಆಗ ಹೊಳೆಯಿತು. ಅವಳಿಗೆ ನನಗಿಂತ ಮೊದಲೇ ಹೊಳೆದಿರಬೇಕು.

"ದಾಟೋಕೆ ಒಂದು ನಿಮಿಷ ಸಾಕು, ಹಾಲ್ಬೆರಾ."

"ಆಚೆ ದಡ ನೋಡು. ನೀರು ಇಳಿದು ಅಂಚಿನ ಮಂಜುಗಡ್ಡೆ ಕೆಳಗೆ ಆಸರೆ ಇಲ್ದೆ ಚಾಚ್ಕೊಂಡಿದೆ. ಅದರ ಮೇಲೆ ಚಕ್ರ ಇಟ್ರೆ ಮೂತಿ ಕೆಳಗೆ. ಒಡೆದು ದಾರಿ ಮಾಡ್ಬೇಕು. ಅರ್ಧ ಗಂಟೆ ನದಿಯ ಹೊಟ್ಟೇಲಿ ನಿಂತು ಹಾರೆ ಹಾಕ್ಬೇಕು. ನಿನ್ನ ನಿಲ್ಲಿಸ್ಲಾ? ಆ ಮೂವರನ್ನ ನಿಲ್ಲಿಸ್ಲಾ?"

ಅಷ್ಟರಲ್ಲಿ ಆಚೆ ದಡದಲ್ಲಿ ಸ್ಟುರ್ಲಾನ ಜೀಪು ಬಂದು ನಿಂತಿತು. ಹಿಂದಿನ ಸೀಟು ಮಡಚಿ ಎಯ್ದಿಸ್‌ಳನ್ನು ಮಲಗಿಸಿಕೊಂಡು ಬಂದಿದ್ದ. ನಾನು ರೇಡಿಯೋದಲ್ಲಿ ಅವನಿಗೆ ಮಾಡಬೇಕಾದ್ದನ್ನು ಹೇಳಿದೆ. ಕಾಲಿಗೆ ಹಲಗೆ ಕಟ್ಟು, ಮೈಯಡಿಗೂ ಹೊದಿಕೆ ಹಾಕು, ಎಂಜಿನ್ ಓಡುತ್ತಿರಲಿ, ಹೊಗೆಕೊಳವೆಯ ಹತ್ತಿರ ಹಿಮ ಕಟ್ಟದಂತೆ ನೋಡು, ಕಿಟಕಿ ಒಂದು ಬೆರಳು ತೆರೆದಿಡು. ಅವನು ಎಲ್ಲ ಮಾಡಿದ. ಆಮೇಲೆ ಕೇಳಿದ: "ಯಾವಾಗ ಬರ್ತೀರಿ?"

"ಕಾಯ್ಬೇಕು" ಎಂದಳು ಹಾಲ್ಬೆರಾ, ಕಾರಣವನ್ನೂ ಹೇಳಿದಳು.

"ನೀರು ಇಲ್ವೇ ಇಲ್ಲ ಇಲ್ಲಿ" ಎಂದ. "ನನ್ನ ಬೂಟು ಮುಳುಗಲ್ಲ."

"ಗೊತ್ತು."

ಅವನು ಕಾಯಲಿಲ್ಲ. ಹಾರೆ ತಂದು ಆಚೆ ದಡದ ಅಂಚನ್ನು ಒಡೆಯತೊಡಗಿದ. ಬಡಗಿಯ ತೋಳು. ಮುಕ್ಕಾಲು ಗಂಟೆಯಲ್ಲಿ ಗಾಡಿ ಇಳಿಯುವಷ್ಟು ದಾರಿ ಮಾಡಿದ. ಹಾಲ್ಬೆರಾ ಅವನನ್ನೇ ನೋಡುತ್ತಿದ್ದಳು. ಹಿಂದಿನ ಜೀಪಿನ ಮೂವರಲ್ಲಿ ಒಬ್ಬ ಬಂದು, "ಈಗ ಒಂದು ನಿಮಿಷದ ಕೆಲಸ ಆಯ್ತಲ್ಲ" ಎಂದ.

"ನಮ್ಮ ಗಾಡಿ ಹತ್ತು ಸಲ ಹೋದ್ರೆ ಒಂಬತ್ತು ಸಲ ದಾಟತ್ತೆ" ಎಂದಳು. "ಇವತ್ತು ಎಷ್ಟನೇದು ಅಂತ ನನಗೆ ಗೊತ್ತಿಲ್ಲ. ಅವನದು ದಾಟೋದೇ ಇಲ್ಲ. ಸಣ್ಣ ಚಕ್ರ, ಕೆಳಗೆಲ್ಲ ಮಂಜು ಹತ್ತಿದ ಕಲ್ಲು. ಮಧ್ಯದಲ್ಲಿ ಕೂತ್ಕೊಂಡು ಬಿಡತ್ತೆ."

ಆಚೆ ಸ್ಟುರ್ಲಾ ಹಾರೆ ಬಿಸಾಕಿ ಗಾಡಿ ಹತ್ತಿದ. ಹಾಲ್ಬೆರಾ ನಮ್ಮ ಜೀಪು ಹತ್ತಿದಳು. ಈಚೆ ದಡ ಎರಡಾಳೆತ್ತರ. ನದಿಯಿಂದ ಮೇಲೆ ಬರಲು ಇದ್ದದ್ದು ಒಂದೇ ಇಳಿಜಾರು. ಆ ಇಳಿಜಾರಿನ ಮೇಲುತುದಿಗೆ ಜೀಪನ್ನು ತಂದು ಅಡ್ಡ ನಿಲ್ಲಿಸಿ, ಎಂಜಿನ್ ಆರಿಸಿ, ರೇಡಿಯೋ ಎತ್ತಿಕೊಂಡಳು.

"ಸ್ಟುರ್ಲಾ, ಇಲ್ಲಿ ದಾರಿ ಮುಚ್ಚಿದೆ. ನೀನು ಇಳಿದ್ರೆ ಹತ್ತೋಕೆ ಜಾಗ ಇಲ್ಲ."

ಗರಗರ ಸದ್ದಿನ ನಡುವೆ ಬೈಗುಳ ಬಂತು. ಅದನ್ನೆಲ್ಲ ಇಲ್ಲಿ ಬರೆಯುವುದು ಬೇಡ. "ಸರಿಸು ಅದನ್ನ" ಎಂದ ಕೊನೆಗೆ.

"ಸರಿಸಲ್ಲ."

"ಇವಳಿಗೆ ಏನಾದ್ರೂ ಆದ್ರೆ ನೀನೇ ಹೊಣೆ."

"ಹೌದು, ನಾನೇ."

ಅವನ ಜೀಪಿನ ಮುಂದಿನ ಚಕ್ರ ನೀರಿನ ಅಂಚಿನಲ್ಲಿತ್ತು. ಹಾಲ್ಬೆರಾ ಗುಂಡಿ ಒತ್ತಿಕೊಂಡೇ ಮೆಲ್ಲಗೆ ಮಾತಾಡಿದಳು. "ನೀನು ನಿಂತಿರೋ ಕಡೆ ನಾನು ನಿಂತಿದ್ದೆ ಮಾರಾಯ. ನನ್ನ ಗಂಡ ಹಿಂದಿನ ಸೀಟಲ್ಲಿದ್ದ. ಇಷ್ಟೇ ನೀರು. ಈ ದಡದಲ್ಲಿ ನಿಂತವನು ದಾಟಲ್ಲ ಅಂದ. ಅವತ್ತು ನೀರು ಬರ್ಲೇ ಇಲ್ಲ. ನನ್ನ ಗಂಡ ಹೋದ. ಇವತ್ತೂ ನೀರು ಬರದೇ ಇರಬಹುದು. ಆಗ ಬದುಕಿರೋ ತನಕ ನನ್ನ ಬೈಕೋ, ನಾನು ಬೇಡ ಅನ್ನಲ್ಲ. ಆದ್ರೆ ಈಗ ಗಾಡಿ ಹಿಂದಕ್ಕೆ ತಗೋ. ದಡದಿಂದ ಇಪ್ಪತ್ತು ಮೀಟರ್ ಹಿಂದಕ್ಕೆ."

ಉತ್ತರವಾಗಿ ಬಂದದ್ದು ಎಯ್ದಿಸ್‌ಳ ದನಿ. ಎಳೆದೆಳೆದು ಮಾತಾಡಿದಳು. "ತಡೆದಿದ್ದು ಒಳ್ಳೇದಾಯ್ತು. ಅವನು ಓಡ್ಸೋದು ನೋಡಿದ್ರೆ ಒಣ ರಸ್ತೇಲೇ ನನಗೆ ಹೆದರಿಕೆ."

ಜೀಪು ಹಿಂದಕ್ಕೆ ಸರಿಯಿತು.

ಆಮೇಲೆ ಕಾಯುವುದಷ್ಟೇ. ನಾನು ಹತ್ತು ನಿಮಿಷಕ್ಕೊಮ್ಮೆ ಎಯ್ದಿಸ್‌ಳ ನಾಡಿ ಎಣಿಸಲು ಸ್ಟುರ್ಲಾಗೆ ಹೇಳುತ್ತಿದ್ದೆ. ಅವನು ಸಂಖ್ಯೆಯನ್ನಷ್ಟೇ ಹೇಳುತ್ತಿದ್ದ, ಬೇರೆ ಒಂದು ಮಾತೂ ಇಲ್ಲ. ತೊಂಬತ್ತಾರು. ತೊಂಬತ್ತೆಂಟು. ನೂರಾನಾಲ್ಕು. ಮೊದಮೊದಲು ಎಯ್ದಿಸ್ ತಾನೇ ಮಾತಾಡುತ್ತಿದ್ದಳು, ಮನೆಯಲ್ಲಿ ಬೆಕ್ಕನ್ನು ಯಾರ ಹತ್ತಿರ ಬಿಟ್ಟು ಬಂದಿದ್ದೇವೆ, ಅದು ಎಷ್ಟು ಮೊಂಡು ಎಂದೆಲ್ಲ. ಹನ್ನೆರಡರ ಹೊತ್ತಿಗೆ ನಾನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡತೊಡಗಿದಳು. ಹನ್ನೆರಡೂವರೆಗೆ ನಾಡಿ ನೂರಾಹದಿನೆಂಟಕ್ಕೆ ಹೋಯಿತು.

"ಹಾಲ್ಬೆರಾ" ಎಂದೆ, "ಒಳಗೆ ರಕ್ತ ಹೋಗ್ತಿದೆ ಅನ್ಸತ್ತೆ. ಇನ್ನೊಂದು ಗಂಟೆಗಿಂತ ಜಾಸ್ತಿ ಆದ್ರೆ ನನಗೆ ಧೈರ್ಯ ಇಲ್ಲ."

ಅವಳು ನದಿಯನ್ನೇ ನೋಡುತ್ತಿದ್ದಳು. ನೀರು ಹಾಗೇ ಇತ್ತು. ಪಾಪದ ತೊರೆಯ ಹಾಗೆ ಕಲ್ಲುಗಳ ನಡುವೆ ಸುಳಿಯುತ್ತಿತ್ತು. ಅವಳು ಕೈಗವಸು ತೆಗೆದು, ಬೆರಳಿಗೆ ಉಸಿರೂದಿ, ಮತ್ತೆ ಹಾಕಿಕೊಂಡಳು.

"ಒಂದೂವರೆವರೆಗೆ" ಎಂದಳು. "ಬರ್ಲಿಲ್ಲ ಅಂದ್ರೆ ಹೋಗೋಣ. ನೀನು ಈಚೆ ಇರು, ನಾನೊಬ್ಳೇ ಹೋಗ್ತೀನಿ."

"ನಾನು ಬರದಿದ್ರೆ ಅವಳಿಗೆ ಸೂಜಿ ಯಾರು ಹಾಕ್ತಾರೆ?"

ಅವಳು ನನ್ನತ್ತ ತಿರುಗಿ ನೋಡಿದಳು.

ಒಂದು ಗಂಟೆ ಹತ್ತು ನಿಮಿಷಕ್ಕೆ ಸದ್ದು ಕೇಳಿತು. ಮೊದಲು ಗಾಳಿಯೆಂದುಕೊಂಡೆ. ಆಮೇಲೆ ಯಾರೋ ಲಾರಿಗಟ್ಟಲೆ ಜಲ್ಲಿ ಸುರಿಯುತ್ತಿದ್ದಾರೆ ಅನ್ನಿಸಿತು. ತಿರುವಿನಲ್ಲಿ ಬೂದು ಬಣ್ಣದ ಗೋಡೆಯೊಂದು ಕಂಡಿತು. ಬಹಳ ಎತ್ತರವೇನಲ್ಲ, ಎದೆಯುದ್ದವಿರಬಹುದು. ಆದರೆ ಅದು ದಡದಿಂದ ದಡಕ್ಕೆ ತುಂಬಿಕೊಂಡು ಬರುತ್ತಿತ್ತು. ಗಂಜಿಯಂಥ ಹಿಮ, ಅದರೊಳಗೆ ಹೊರಳುವ ಮಂಜುಗಡ್ಡೆ, ಒಂದೊಂದು ಹಲಗೆಯೂ ನಮ್ಮ ಜೀಪಿನಷ್ಟು ಅಗಲ. ನಮ್ಮ ಕಣ್ಣೆದುರೇ ಅದು ದಾಟುವ ಜಾಗದ ಮೇಲೆ ಹಾದುಹೋಯಿತು. ಅಂಚಿನ ಮಂಜುಗಡ್ಡೆಗಳು ಪಟಪಟನೆ ಮುರಿದು ಅದರ ಜೊತೆ ಸೇರಿದವು. ಸ್ಟುರ್ಲಾ ಹಾರೆ ಹಾಕಿ ಮಾಡಿದ್ದ ದಾರಿ ಮಾಯವಾಯಿತು. ನೀರು ಇಳಿಜಾರಿನ ಅರ್ಧಕ್ಕೆ ಏರಿ ಬಂತು, ಹಾಲ್ಬೆರಾಳ ಜೀಪಿಗೆ ಒಂದು ಮಾರು ಕೆಳಗೆ ನಿಂತಿತು.

ಆಚೆ ದಡದಲ್ಲಿ ಸ್ಟುರ್ಲಾ ನಿಂತವನು ಹಾಗೇ ಹಿಮದ ಮೇಲೆ ಕುಸಿದು ಕೂತ. ಹಾಲ್ಬೆರಾ ಜೀಪಿನ ಬಾಗಿಲು ಹಿಡಿದುಕೊಂಡಿದ್ದಳು. ಅವಳು ಅಳುತ್ತಿದ್ದುದನ್ನು ಕಂಡು ನಾನು ಬೇರೆ ಕಡೆ ತಿರುಗಿದೆ. ಬದುಕಿಕೊಂಡೆವು ಎಂಬ ಅಳು ಅದಲ್ಲವೆಂದು ನನಗೆ ಗೊತ್ತಿತ್ತು.

ಬಂದ ನೀರು ಅರ್ಧ ಗಂಟೆಯಲ್ಲಿ ಇಳಿಯತೊಡಗಿತು. ಎರಡೂಕಾಲಿಗೆ ನಾನು ಹಗ್ಗ ಕಟ್ಟಿಸಿಕೊಂಡು, ಕೋಲೂರಿ, ಹರಿವಿಗೆ ಮುಖ ಮಾಡಿ ನಡೆದು ನೋಡಿದೆ. ತೊಡೆಯವರೆಗೆ ನೀರು, ಬಲವಾಗಿತ್ತು, ಆದರೆ ತಳ ಗಟ್ಟಿ. ಎರಡು ದಡದಲ್ಲೂ ಅಂಚಿನ ಮಂಜುಗಡ್ಡೆ ಕೊಚ್ಚಿಹೋಗಿ ಜಲ್ಲಿ ಬರಿದಾಗಿತ್ತು. ನಾನು ಕೈ ಎತ್ತಿದೆ. ಹಾಲ್ಬೆರಾ ಓರೆಯಾಗಿ ಇಳಿದು, ಮೂತಿಯ ಮುಂದೆ ಅಲೆ ತಳ್ಳಿಕೊಂಡು, ಹೆಚ್ಚೂ ಅಲ್ಲದೆ ಕಮ್ಮಿಯೂ ಅಲ್ಲದೆ ಒಂದೇ ವೇಗದಲ್ಲಿ ಬಂದಳು. ನಲವತ್ತು ಸೆಕೆಂಡು ಕೂಡ ಆಗಿರಲಿಕ್ಕಿಲ್ಲ.

ಎಯ್ದಿಸ್‌ಗೆ ಸೂಜಿ ಹಾಕಿ, ಸ್ಟ್ರೆಚರಿನಲ್ಲಿ ನಮ್ಮ ಜೀಪಿಗೆ ಸಾಗಿಸಿದೆವು. ಸ್ಟುರ್ಲಾ ತನ್ನ ಗಾಡಿಯನ್ನು ಅಲ್ಲೇ ಬಿಟ್ಟ. ಹಿಂತಿರುಗಿ ದಾಟಿ ಮೇಲೆ ಬಂದ ಮೇಲೆ ಹಾಲ್ಬೆರಾ ಅರ್ಧ ಕಿಲೋಮೀಟರ್ ಬ್ರೇಕ್ ಒತ್ತುತ್ತ ಒಣಗಿಸಿಕೊಂಡೇ ಓಡಿಸಿದಳು. ಸ್ಟುರ್ಲಾ ಒಂದು ಕೈಯಲ್ಲಿ ಹೆಂಡತಿಯ ಕೈ ಹಿಡಿದಿದ್ದ. ಇನ್ನೊಂದು ಕೈ ಹಾಲ್ಬೆರಾಳ ಸೀಟಿನ ಬೆನ್ನ ಮೇಲಿತ್ತು. ರಸ್ತೆ ಸಿಗುವವರೆಗೆ ಅದನ್ನು ತೆಗೆಯಲಿಲ್ಲ. ಉಪಕಾರವಾಯಿತೆಂದು ಅವನು ಬಾಯಿಬಿಟ್ಟು ಹೇಳಲೂ ಇಲ್ಲ. ನಾಲ್ಕಕ್ಕೆ ಆಂಬ್ಯುಲೆನ್ಸಿಗೆ ಒಪ್ಪಿಸಿದೆವು. ಎಯ್ದಿಸ್ ಉಳಿದಳು. ವಸಂತದವರೆಗೆ ಊರುಗೋಲು, ಈಗ ಸ್ವಲ್ಪ ಕುಂಟು ಅಷ್ಟೆ.

ಊರಿನಲ್ಲಿ ಹಾಲ್ಬೆರಾಳ ಮಾತೇ ಮಾತು. ಅಂಗಡಿಯಲ್ಲಿ ಜನ ಅವಳ ಬೆನ್ನು ತಟ್ಟಿದರು. ಅವಳು ಸಾಮಾನು ತೆಗೆದುಕೊಂಡು ಬೇಗ ಹೊರಗೆ ನಡೆದುಬಿಡುತ್ತಿದ್ದಳು. ಎರಡು ವಾರದ ಮೇಲೆ ನನ್ನ ಕೋಣೆಗೆ ಬಂದು, ಕೂರದೆ ನಿಂತೇ ಕೇಳಿದಳು: "ಗ್ರಿಮುರ್ ಮನೆಗೆ ಯಾವತ್ತು ಹೋಗ್ತೀಯ?"

"ಗುರುವಾರ. ರಕ್ತದ ಒತ್ತಡ ನೋಡೋಕೆ."

"ನಾನೂ ಬರ್ತೀನಿ. ಅವನಿಗೆ ಮೊದಲೇ ಹೇಳ್ಬೇಡ, ಓಡಿ ಹೋಗ್ತಾನೆ."

ಗ್ರಿಮುರ್‌ಗೆ ಎಪ್ಪತ್ತೆಂಟು. ನಾಲ್ಕು ಕುದುರೆ ಸಾಕಿಕೊಂಡು ಗಟ್ಟಿಯಾಗಿಯೇ ಇದ್ದ. ಬಾಗಿಲು ತೆಗೆದವನು ಹಾಲ್ಬೆರಾಳನ್ನು ಕಂಡು, ಸ್ವಲ್ಪ ಹೊತ್ತು ಹಿಡಿಕೆಯ ಮೇಲೆ ಕೈಯಿಟ್ಟೇ ನಿಂತ. ಆಮೇಲೆ, "ಕಾಫಿ ಇದೆ" ಎಂದು ಒಳಗೆ ನಡೆದ.

ಮೂವರೂ ಅಡುಗೆಮನೆಯ ಮೇಜಿನ ಸುತ್ತ ಕೂತೆವು. ಅವನು ಕಾಫಿ ಸುರಿದ, ಹೊಗೆ ಹಿಡಿಸಿದ ಕುರಿಮಾಂಸ ಮತ್ತು ರೊಟ್ಟಿಯನ್ನು ಮುಂದಿಟ್ಟ. ಯಾರೂ ಮುಟ್ಟಲಿಲ್ಲ.

"ಅವತ್ತು ನೀನು ಮಾಡಿದ್ದು ಸರಿ" ಎಂದಳು ಹಾಲ್ಬೆರಾ. "ಅದನ್ನ ಹೇಳೋಕೆ ಬಂದೆ."

ಗ್ರಿಮುರ್ ಕಪ್ಪನ್ನು ತಿರುಗಿಸುತ್ತ ಕೂತ. "ನಿನಗೆ ನೀರು ಬಂತು" ಎಂದ. "ನನಗೆ ಬರ್ಲಿಲ್ಲ. ಸರಿ ಅಂತ ನಿನಗೆ ಹೇಗೆ ಗೊತ್ತು? ನನಗೇ ಗೊತ್ತಿಲ್ಲ. ಹದಿನೇಳು ವರ್ಷದಿಂದ ಆ ನದೀನ ಮನಸ್ಸಲ್ಲೇ ದಾಟ್ತಾ ಇದ್ದೀನಿ. ಒಂದೊಂದ್ಸಲ ದಾಟಿಬಿಡ್ತೀನಿ, ಬ್ರಾಗಿ ಉಳೀತಾನೆ. ಒಂದೊಂದ್ಸಲ ವೈದ್ಯರೂ ನಾನೂ ಕೊಚ್ಕೊಂಡು ಹೋಗ್ತೀವಿ. ನಿಜ ಹೇಳ್ಬೇಕು ಅಂದ್ರೆ ಅವತ್ತು ನನಗೆ ಹೆದರಿಕೆ ಆಯ್ತು. ಅಷ್ಟೇ ನನಗೆ ಗೊತ್ತಿರೋದು."

"ನನಗೂ ಆಯ್ತು" ಎಂದಳು. "ಆದ್ರೆ ನಾನು ಮೂರೇ ಗಂಟೆ ಕಾದೆ. ಒಂದೂವರೆ ಆದ್ರೆ ಇಳಿದುಬಿಡ್ತೀನಿ ಅಂತ ಡಾಗ್ನಿಗೆ ಹೇಳಿದ್ದೆ, ಕೇಳು ಬೇಕಾದ್ರೆ. ನಾಲ್ಕನೇ ಗಂಟೆ ಕಾಯೋದು ನನ್ನ ಕೈಲಿ ಆಗ್ತಿರ್ಲಿಲ್ಲ. ನೀನು ಕಾದೆ. ಆಚೆಯಿಂದ ನಾನು ನಿನ್ನ ಹೆಸರು ಹಿಡಿದು ಕೂಗ್ತಿದ್ದೆ, ಆದ್ರೂ ಕಾದೆ."

ಗ್ರಿಮುರ್ ತಲೆಯಾಡಿಸಿದ. ಒಪ್ಪಿದ್ದೋ ಇಲ್ಲವೋ ತಿಳಿಯಲಿಲ್ಲ.

"ಇನ್ನೊಂದಿದೆ" ಎಂದಳು ಹಾಲ್ಬೆರಾ. ಈ ಸಲ ಅವಳ ದನಿ ಕೆಳಗಿಳಿಯಿತು. "ಬ್ರಾಗಿಗೆ ಪ್ರಜ್ಞೆ ಇತ್ತು, ಬಹಳ ಹೊತ್ತು. ಗ್ರಿಮುರ್ ಬರ್ತಾ ಇಲ್ಲ, ಹೇಡಿ, ಅಂತ ನಾನು ಅಂದೆ. ಅದಕ್ಕವನು, ಗ್ರಿಮುರ್ ನಿಂತಿದ್ದಾನೆ ಅಂದ್ರೆ ನದಿ ಸರಿ ಇಲ್ಲ ಅಂತ ಅರ್ಥ, ಸುಮ್ನಿರು ಅಂದ. ಅದನ್ನ ನಾನು ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ನಿನ್ನ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ನನಗೇನೂ ಉಳೀತಿರ್ಲಿಲ್ಲ."

ಗ್ರಿಮುರ್ ಎದ್ದ. "ಅವತ್ತೇ ಹೇಳಿದ್ದಿದ್ರೆ..." ಎಂದವನು ಮಾತು ಮುಗಿಸದೆ, ಟೋಪಿಯನ್ನೂ ಹಾಕಿಕೊಳ್ಳದೆ ಹೊರಗೆ ಹೋದ. ಕಿಟಕಿಯಲ್ಲಿ ಕಂಡಿತು, ಕುದುರೆಯೊಂದರ ಕತ್ತಿಗೆ ಹಣೆಯಿಟ್ಟು ನಿಂತಿದ್ದ. ನಾನು ಏಳಹೋದೆ. "ಬಿಡು" ಎಂದಳು ಹಾಲ್ಬೆರಾ. ಅವಳೂ ಕಿಟಕಿಯತ್ತ ನೋಡುತ್ತಲೇ ಇದ್ದಳು. ಕ್ಷಮಿಸು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಅವನು ಕೊಡುತ್ತಿದ್ದನೋ ಇಲ್ಲವೋ, ನಾನು ಹೇಳಲಾರೆ.

ಕಾಲು ಗಂಟೆಯ ಮೇಲೆ ಅವನು ಒಳಗೆ ಬಂದ. ಕೂದಲಿನ ಮೇಲೆ ಹಿಮವಿತ್ತು. ತಣ್ಣಗಾಗಿದ್ದ ಕಾಫಿಯನ್ನು ತೊಟ್ಟಿಗೆ ಚೆಲ್ಲಿ, ಮೂರು ಕಪ್ಪಿಗೂ ಹೊಸದಾಗಿ ಸುರಿದು ಕೂತ. ಆಮೇಲೆ ಕೇಳಿದ: "ಆ ನೀರು ಹೋದ ಮೇಲೆ ದಾಟೋ ಜಾಗ ಹೇಗಿದೆ?"

"ಕೆಳಗೆ ಜರುಗಿದೆ. ಎಂಬತ್ತು ಮೀಟರ್ ಇರಬಹುದು. ದೊಡ್ಡ ಬಂಡೆ ಇತ್ತಲ್ಲ, ಕಪ್ಪಂದು, ಅದು ಹೋಯ್ತು."

"ಅದು ಹೋಯ್ತಾ" ಎಂದ ಗ್ರಿಮುರ್. "ಹಾಗಿದ್ರೆ ವಸಂತದಲ್ಲಿ ಹರಿವು ಎಡಕ್ಕೆ ಬರತ್ತೆ. ಬಸ್ಸಿಗೆ ಕಷ್ಟ ಆಗತ್ತೆ ನಿನಗೆ."

"ಎಡಕ್ಕೆ ಯಾಕೆ ಬರತ್ತೆ? ಅಲ್ಲಿ ಜಲ್ಲಿ ಎತ್ತರ ಇದೆ."

"ಎಲ್ಲಿದೆ ಎತ್ತರ? ತೋರಿಸು."

ಹಾಲ್ಬೆರಾ ರೊಟ್ಟಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಮೇಜಿನ ಮೇಲೆ ಬೆರಳಿನಿಂದ ನದಿಯನ್ನು ಎಳೆದು ತೋರಿಸತೊಡಗಿದಳು. ಗ್ರಿಮುರ್ ಕನ್ನಡಕ ಹುಡುಕಿ ಹಾಕಿಕೊಂಡು ಬಗ್ಗಿದ. ನಾನು ಅವನ ತೋಳಿಗೆ ಒತ್ತಡ ನೋಡುವ ಪಟ್ಟಿ ಸುತ್ತಿದೆ. ಅವನು ಇನ್ನೊಂದು ಕೈಯನ್ನು ಆಡಿಸುತ್ತ ವಾದ ಮಾಡುತ್ತಲೇ ಇದ್ದ.